ಮಕ್ಕಳಲ್ಲಿ ವಾಚನಾಭಿರುಚಿಯನ್ನು ಹುಟ್ಟಿಸುವ ಬಗೆ

ಮಗನು ಇಲ್ಲವೆ ಮಗಳು ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿಯನ್ನು ಕೇಳಿ ತಂದೆತಾಯಿಗಳು ಸಂತೋಷಪಡುವದು ಯುಕ್ತವೇ. ಆದರೆ ಸಾಲೆಯನ್ನು ಬಿಟ್ಟು ನಾಲ್ಕಾರು ವರುಷ ಮಗ್ಗದ ಮುಂದೆಯೋ ಹೊಲದಲ್ಲಿಯೋ ದುಡಿದ ಬಳಿಕ ಅದೇ ಮಗನ ಕೈಗೆ ಸಾಲದ ಕಾಗದವನ್ನು ಕೊಟ್ಟರೆ, ಅವನು ಅದನ್ನು ಹಿಂದೆ ಮುಂದೆ ತಿರುವಿ ನೋಡಿ, ಓದಿ ಹೇಳುವವರನ್ನು ಹುಡುಕಿಕೊಂಡು ಹೋಗುವದುಂಟು. ಅವನು ಅಕ್ಷರಗಳನ್ನು ಕಲಿತದ್ದು ಸುಳ್ಳಲ್ಲ. ಓದುವ ಆಸೆ ಮಾತ್ರ ಹುಟ್ಟಿರಲಿಲ್ಲ. ಆದಕಾರಣ ಕಲಿತದ್ದು ನೀರು ಕಾಣದ ಸಸಿಯಂತೆ ಬಾಡಿಹೋಯಿತು.

ಈ ಆಸೆಯು ಹೇಗೆ ಹುಟ್ಟುವದು? ಬದಾಮಿಯ ಸಮೀಪದ ಚೊಳಚಗುಡ್ಡದವರಿಗೆ ದೂರದ ದೃಷ್ಟಾಂತ ಬೇಡ. ಪುಷ್ಯಮಾಸದಲ್ಲಿ ಕೂಡುವ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಸಾಲೆಯಲ್ಲಿ ಒಂದು ಸಾಲನ್ನು ಓದುವದಕ್ಕೆ ಬೆವರುವ ಹುಡುಗನು ಅಲ್ಲಿಯ ಫಲಕದ ಮುಂದೆ ನಿಂತು, ಯಾರ ಅಪ್ಪಣೆಯೂ ಇಲ್ಲದೆ, ನಾಟಕದ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವನು. (ಜಾತ್ರೆಯ ಆಟಗಳೆಲ್ಲಾ ಮಕ್ಕಳಿಗೆ ತಕ್ಕವೆಂದು ನಾವು ಹೇಳುವದಿಲ್ಲ.) ಯಾಕಂದರೆ ಒಳಗೆ ಏನು ನಡೆಯುವದೆಂದು ತಿಳಿಯುವ ಹಂಬಲವು ಮೊದಲು ಬಂತು, ಓದು ಅದರ ಹಿಂದೆ ಬಂತು. ಸಾಲೆಗಳಲ್ಲಿ ನಾವು ಬಹಳವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ.

ಆದಕಾರಣ ಉಪಾಧ್ಯಾಯರು ದಿನಾಲು ಸ್ವಲ್ಪ ಹೊತ್ತು ಒಂದು ಒಳ್ಳೇ ಕಥೆಯನ್ನು ತಾವೇ ಗಟ್ಟಿಯಾಗಿ ಓದತಕ್ಕದ್ದು. ಕಥೆಯು ಬಿಗಿಯಾದ ಸ್ಥಳಕ್ಕೆ ಬಂದಾಗ ನಿಲ್ಲಿಸಿ, ಪುಸ್ತಕವನ್ನು ಮಕ್ಕಳ ಕೈಗೆ ಸಿಕ್ಕುವಲ್ಲಿ ಇಟ್ಟು ಹೋಗಲಿ. ಅದರ ಮೇಲೆ ಪ್ರಶ್ನೆ ಕೇಳುವದು ಬೇಡ, ಬರೆಯಿಸುವದೂ ಬೇಡ. ತಪ್ಪು ಮಾಡಿದವನಿಗೆ ಪಾಠ ಓದುವ ಶಿಕ್ಷೆಯನ್ನು ಕೊಡುವದಂತೂ ಕೇವಲ ಅವಿವೇಕ. ಶಿಕ್ಷೆಯಾಗಿ ಬಂದದ್ದನ್ನು ಯಾವ ಮಗುವು ಪ್ರೀತಿಸೀತು?

ಇನ್ನೊಂದು ತೊಡಕುಂಟು. ನಮ್ಮ ಸೀಮೆಯ ಮಗುವು ಮನೆಯಲ್ಲಿ "ಹೋಗ್ಯಾನ", "ಬಂದಾಳ" ಎನ್ನುತ್ತದೆ; ಪುಸ್ತಕದಲ್ಲಿಯಾದರೋ "ಹೋಗಿದ್ದಾನೆ", "ಬಂದಿದ್ದಾಳೆ" ಎಂದಿದೆ. ಸ್ವಂತ ಭಾಷೆಯೇ ಅದಕ್ಕೆ ಅನ್ಯರ ಭಾಷೆಯಂತೆ ತೋರುವದು. ಮನೆಯ ಮಾತನ್ನು ಹೀಯಾಳಿಸದೆ, ಎರಡೂ ಒಂದೇ ಎಂದು ತಾಳ್ಮೆಯಿಂದ ತಿಳಿಸಬೇಕು. ಇದಕ್ಕೆ ಬದಾಮಿಯ ಬಂಡೆಯೇ ಸಹಾಯಮಾಡುವದು. ಅಲ್ಲಿ ಸುಮಾರು 1,300 ವರುಷಗಳ ಹಿಂದೆ ಕೊರೆದ ಕಪ್ಪೆ ಅರಭಟ್ಟನ ಶಾಸನವಿದೆ. ಅದರಲ್ಲಿ ಕನ್ನಡದ ತ್ರಿಪದಿಗಳಿವೆ. ನಮ್ಮ ಅಜ್ಜಿಯರು ಬೀಸುವಾಗ ಹಾಡುತ್ತಿದ್ದ ಹಾಡುಗಳೂ ಬಹುತರವಾಗಿ ತ್ರಿಪದಿಗಳೇ. ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗಿ ಇದನ್ನು ಹೇಳಿರಿ. ಆ ಹಳೇ ಲಿಪಿಯನ್ನು ಅವರು ಓದಲಾರರು. ಆದರೂ ಅಜ್ಜಿಯ ಹಾಡಿನ ಧಾಟಿಯು ಕಲ್ಲಿನ ಮೇಲೆ ಇದೆಯೆಂದು ಕೇಳಿದ ಮಗುವು ಬರಹವನ್ನು ಪರಕೀಯವೆಂದು ಎಣಿಸುವದು ಕಷ್ಟ.

ತಂದೆತಾಯಿಗಳು ಓದಲರಿಯದವರಾದರೆ ಎದೆಗುಂದಬಾರದು. ಊಟವಾದ ಮೇಲೆ ಮಗುವನ್ನು ಕೂಡ್ರಿಸಿಕೊಂಡು ಅದರಿಂದಲೇ ಓದಿಸಿ ಕೇಳಿರಿ. "ಮುಂದೇನಾಯಿತು?" ಎಂದು ತಾಯಿ ಕೇಳಿದರೆ ಸಾಕು. ತನ್ನಿಂದ ಹಿರಿಯರಿಗೆ ಉಪಯೋಗವಾಯಿತೆಂಬ ಹೆಮ್ಮೆಯು ಬಹುಮಾನಕ್ಕಿಂತ ಹೆಚ್ಚು ಕೆಲಸಮಾಡುವದು.

ಆದರೆ ಪುಸ್ತಕವು ಎಲ್ಲಿಂದ ಬರಬೇಕು? ಹಾವೇರಿ ಸೀಮೆಯ ಗಳಗನಾಥರು (1869–1942) ಸಾಲೆಯ ಮಾಸ್ತರರಾಗಿದ್ದವರು. ಕನ್ನಡದಲ್ಲಿ ಓದುವವರೇ ವಿರಳವಾಗಿದ್ದ ಆ ಕಾಲದಲ್ಲಿ ಕಾದಂಬರಿಗಳನ್ನು ಬರೆದು, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗನು ಬರಲೆಂದು ಅವರು ಕಾದು ಕೂಡ್ರಲಿಲ್ಲ. ಈಗ ಅಷ್ಟು ಕಷ್ಟವಿಲ್ಲ. 2020ರ ನವೆಂಬರಿನಲ್ಲಿ ಸರಕಾರವು "ಓದುವ ಬೆಳಕು" ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಹಣವಿಲ್ಲದೆ ಸದಸ್ಯತ್ವವನ್ನು ಕೊಟ್ಟಿತು. ಆದರೂ ಹಳ್ಳಿಯ ಮಗುವು ಕಚೇರಿಯಂತೆ ತೋರುವ ಹೊಸ್ತಿಲನ್ನು ಒಂಟಿಯಾಗಿ ದಾಟಲು ಅಂಜುವದು. ಮೊದಲನೆಯ ಸಾರಿ ನೀವೇ ಕೈಹಿಡಿದು ಒಳಗೆ ಕರಕೊಂಡು ಹೋಗಿರಿ, ಹೆಸರು ಬರೆಯಿಸಿರಿ. ಬಳಿಕ ಸ್ವಲ್ಪ ದೂರ ನಿಂತು, ಪುಸ್ತಕವನ್ನು ಅದೇ ಆರಿಸಿಕೊಳ್ಳುವಂತೆ ಬಿಡಿರಿ, ಅದು ಬರೀ ಚಿತ್ರದ ಪುಸ್ತಕವಾದರೂ ಚಿಂತೆಯಿಲ್ಲ.