ಆನೆ ಕಾಸು ಮಾರುವ ಮೊದಲು ತೊಳೆಯಬೇಕೆ?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಆನೆಯ ಚಿತ್ರವಿರುವ ದಪ್ಪನೆಯ ತಾಮ್ರದ ಕಾಸೊಂದು ಸಿಕ್ಕಿದೆ. ಟಿಪ್ಪು ಕಾಲದ್ದು ಎನ್ನುತ್ತಾರೆ. ಕಪ್ಪಗಾಗಿದೆ, ಅಲ್ಲಲ್ಲಿ ಹಸಿರು ಹತ್ತಿದೆ. ಮಾರಬೇಕೆಂದಿದ್ದೇನೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಹೆಚ್ಚು ಬೆಲೆ ಬರುತ್ತದೆಯೇ? ನಾಣ್ಯಕ್ಕೆ ‘ಗ್ರೇಡ್’ ಹಾಕುವುದು ಎಂದರೇನು?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಉಜ್ಜುವ ಮೊದಲೇ ಕೇಳಿದಿರಲ್ಲ, ಸಂತೋಷ. ಬಹಳ ಜನ ಉಜ್ಜಿ ಫಳಫಳ ಮಾಡಿಕೊಂಡ ಮೇಲೆ ಕೇಳುತ್ತಾರೆ. ಆಗ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ನಿಮ್ಮ ಸಂದೇಹದಲ್ಲಿ ಎರಡು ಭಾಗಗಳಿವೆ: ಕಾಸಿನ ದರ್ಜೆಯನ್ನು ಹೇಗೆ ನಿರ್ಧರಿಸುತ್ತಾರೆ, ಅದನ್ನು ಶುಚಿ ಮಾಡಬಹುದೇ. ಇವೆರಡಕ್ಕೂ ಮುನ್ನ ಕಾಸು ಯಾರದು ಎಂದು ಖಚಿತ ಮಾಡಿಕೊಳ್ಳೋಣ. ಆನೆ ಇದ್ದ ಮಾತ್ರಕ್ಕೆ ಅದು ಟಿಪ್ಪುವಿನದಾಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲೂ ಆನೆ ಇದೆ. ಅವುಗಳಲ್ಲಿ ‘ಶ್ರೀ’ ಅಥವಾ ‘ಚಾಮುಂಡಿ’ ಎಂಬ ಕನ್ನಡ ಅಕ್ಷರ, ಕೆಲವದರಲ್ಲಿ ‘ಮಯಿಲಿ ಕಾಸು’ ಎಂಬ ಬರಹ ಕಾಣುತ್ತದೆ. ಟಿಪ್ಪುವಿನ ಪೈಸೆಯಲ್ಲಿ ಕನ್ನಡ ಇಲ್ಲ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಟಂಕಸಾಲೆಯ ಹೆಸರು ಫಾರ್ಸಿಯಲ್ಲಿ. ಶ್ರೀರಂಗಪಟ್ಟಣದ ಟಂಕಸಾಲೆ ‘ಪಟನ್’. ಅಲ್ಲಿ ಅಚ್ಚಾದ ಪೈಸೆಗಳು ಧಾರಾಳವಾಗಿ ಸಿಗುತ್ತವೆ. ನಗರ, ಬೆಂಗಳೂರು, ಫರೂಖಿ, ಗುತ್ತಿಯ ಫೈಜ್ ಹಿಸಾರ್ ಮೊದಲಾದ ಕಡೆಗಳಲ್ಲೂ ಟಂಕಸಾಲೆಗಳಿದ್ದವು. ಕಾಸು ಅಪರೂಪದ್ದೋ ಅಲ್ಲವೋ ಎಂಬುದು ಟಂಕಸಾಲೆ, ಮುಖಬೆಲೆ, ಇಸವಿ ಮೂರನ್ನೂ ಸೇರಿಸಿ ನೋಡಿದಾಗಲೇ ತಿಳಿಯುವುದು.

ಇಸವಿ ಓದುವಾಗ ಎಡವುವವರು ಹೆಚ್ಚು. 1787ರಲ್ಲಿ ಟಿಪ್ಪು ಹಿಜರಿ ಶಕೆ ಬಿಟ್ಟು ಮೌಲೂದಿ ಶಕೆ ಜಾರಿಗೆ ತಂದ. ಆ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಆದ್ದರಿಂದ 1216 ಎಂಬ ವರ್ಷ ನಮ್ಮ ಕಣ್ಣಿಗೆ 6121 ಎಂದು ಕಾಣುತ್ತದೆ. ಅದಕ್ಕೆ ಹಿಂದಿನ ಹಿಜರಿ ವರ್ಷಗಳು ಮಾಮೂಲಿಯಂತೆ ಎಡದಿಂದ ಬಲಕ್ಕೇ ಇವೆ. ಇದರ ಬಗ್ಗೆ ಇಂದಿಗೂ ವ್ಯಾಪಾರಿಗಳು ಆಧರಿಸುವ ಪುಸ್ತಕ ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪು ನಾಣ್ಯಗಳ ಮೇಲೆ ಬರೆದದ್ದು. ಕಾಸನ್ನು ಆಭರಣದಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಳ್ಳಿ. ಒಂದು ಪೈಸೆ ಸುಮಾರು 11 ಗ್ರಾಂ, ಎರಡು ಪೈಸೆಯದು ಅದರ ಇಮ್ಮಡಿ ತೂಗುತ್ತದೆ. ಅಂಚಿನಲ್ಲಿ ಜೋಡಣೆಯ ಗೆರೆ, ಮೈಮೇಲೆ ಸಣ್ಣ ಗುಳ್ಳೆ ಕಂಡರೆ ಎರಕ ಹೊಯ್ದ ನಕಲಿ ಇರಬಹುದೆಂದು ಅನುಮಾನಿಸಿ. ಅಸಲಿ ಕಾಸನ್ನು ಸುತ್ತಿಗೆಯಿಂದ ಹೊಡೆದು ಅಚ್ಚು ಮೂಡಿಸುತ್ತಿದ್ದರು.

ಈಗ ದರ್ಜೆಯ ಮಾತು. ದರ್ಜೆ ಅಳೆಯುವುದು ಸವೆತವನ್ನು. ಹೊಳಪಿಗೆ ಇಲ್ಲಿ ಅಂಕವಿಲ್ಲ. ಇಂದು ಜಗತ್ತಿನಾದ್ಯಂತ ಬಳಸುವ 1ರಿಂದ 70ರ ಅಳತೆಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ಸೆಂಟ್‌ಗಳಿಗಾಗಿ ರೂಪಿಸಿದ. ಅವೂ ತಾಮ್ರದ ನಾಣ್ಯಗಳೇ. ಇದರಲ್ಲಿ ‘ಗುಡ್’ ಎಂಬ ದರ್ಜೆ ಕೇಳಿ ಹಿಗ್ಗಬೇಡಿ. ಅದು 4ರಿಂದ 6 ಅಂಕದ್ದು. ಚಿತ್ರದ ಹೊರರೇಖೆ ಮಾತ್ರ ಉಳಿದು ಚೆನ್ನಾಗಿ ಸವೆದ ಕಾಸು ಎಂದರ್ಥ. ‘ಫೈನ್’ 12ರ ಆಸುಪಾಸು, ‘ವೆರಿ ಫೈನ್’ 20ರಿಂದ 35, ‘ಎಕ್ಸ್‌ಟ್ರೀಮ್ಲಿ ಫೈನ್’ 40ರಿಂದ 45. ನಮ್ಮ ವ್ಯಾಪಾರಿಗಳು ಅಂಕಿಗಿಂತ ಈ ಹೆಸರುಗಳನ್ನೇ ಹೆಚ್ಚು ಹೇಳುತ್ತಾರೆ.

ನೀವೇ ಒಂದು ಅಂದಾಜು ಮಾಡಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಕಾಸನ್ನು ಅಂಚಿನಲ್ಲಷ್ಟೇ ಹಿಡಿಯಿರಿ, ಮುಖಗಳಿಗೆ ಬೆರಳು ತಾಗಬಾರದು. ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಲಿ. ದೀಪವನ್ನು ಓರೆಯಾಗಿಟ್ಟು ಆನೆಯನ್ನು ನೋಡಿ. ಮೊದಲು ಸವೆಯುವುದು ಉಬ್ಬಿದ ಭಾಗ: ಹೊಟ್ಟೆಯ ಪಕ್ಕ, ತಲೆಯ ಗುಬಟು. ಅಲ್ಲಿ ಚಪ್ಪಟೆಯಾಗಿದ್ದು ಕಣ್ಣು, ದಂತ, ಕಿವಿಯ ಅಂಚು ಬಿಡಿಬಿಡಿಯಾಗಿ ಕಂಡರೆ ‘ವೆರಿ ಫೈನ್’ ಹತ್ತಿರ ಇದೆ ಎನ್ನಬಹುದು. ಕಣ್ಣೂ ಮಾಸಿ ಕಿವಿ ಮೈಯೊಂದಿಗೆ ಬೆರೆತುಹೋಗಿದ್ದರೆ ಅದಕ್ಕಿಂತ ಕೆಳಗೆ.

ಇಲ್ಲಿ ಗೊಂದಲವಾಗುವುದು ಸಹಜ. ಅಕ್ಷರದ ಅರ್ಧ ಕಾಣುವುದಿಲ್ಲ ಎಂದ ಕೂಡಲೇ ಸವೆದಿದೆ ಎಂದುಕೊಳ್ಳುತ್ತೇವೆ. ಕೈಯಿಂದ ಹೊಡೆದ ಕಾಸಿನಲ್ಲಿ ಎಷ್ಟೋ ಸಲ ಅಚ್ಚು ಓರೆಯಾಗಿ ಕೂತಿರುತ್ತದೆ, ಅಥವಾ ಒಂದು ಕಡೆ ಏಟು ಬಲವಾಗಿ ಬಿದ್ದಿರುವುದಿಲ್ಲ. ಇದು ಸವೆತವಲ್ಲ. ಏಟು ಬೀಳದ ಜಾಗ ಒರಟಾಗಿಯೇ ಇರುತ್ತದೆ, ಹಿಂಬದಿಯಲ್ಲೂ ಅದೇ ಜಾಗದಲ್ಲಿ ಅಚ್ಚು ಮಸುಕಾಗಿರುತ್ತದೆ. ಸವೆದ ಜಾಗವಾದರೆ ನುಣುಪಾಗಿರುತ್ತದೆ, ಎತ್ತರದ ಭಾಗಗಳಲ್ಲೇ ಇರುತ್ತದೆ. ಅಚ್ಚಿನ ದೋಷವೂ ಬೆಲೆ ಇಳಿಸುವುದುಂಟು, ಆದರೆ ಅದನ್ನು ದರ್ಜೆಯಿಂದ ಬೇರೆಯಾಗಿಯೇ ಬರೆಯುತ್ತಾರೆ.

ಇನ್ನು ಹುಣಸೆಹಣ್ಣು. ಪೂಜೆಯ ಚೊಂಬಿಗೆ ಅದು ಸರಿ, ಕಾಸಿಗೆ ಬೇಡ. ಹುಣಸೆ, ನಿಂಬೆ, ವಿನಿಗರ್ ಎಲ್ಲವೂ ಆಮ್ಲ. ಪೀತಾಂಬರಿ, ಬ್ರಾಸೋ, ಟೂತ್‌ಪೇಸ್ಟ್ ಮೈಯನ್ನು ಉಜ್ಜಿ ತೆಗೆಯುತ್ತವೆ. ಇನ್ನೂರು ವರ್ಷಗಳಲ್ಲಿ ತಾಮ್ರ ಗಾಳಿಯೊಡನೆ ಸೇರಿ ಕಟ್ಟಿಕೊಂಡ ಕಂದು ಪದರವೇ ಕಾಸಿನ ರಕ್ಷಾಕವಚ. ಸಂಗ್ರಾಹಕರು ದುಡ್ಡು ಕೊಡುವುದು ಅದಕ್ಕೆ. ಆ ಪದರ ಹೋದರೆ ಮೈ ಗುಲಾಬಿ ಬಣ್ಣಕ್ಕೆ ತಿರುಗಿ, ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಇಂಥ ಕಾಸಿಗೆ ಗ್ರೇಡಿಂಗ್ ಸಂಸ್ಥೆಗಳು ಅಂಕ ಕೊಡುವುದಿಲ್ಲ, ‘ಕ್ಲೀನ್ಡ್’ ಎಂದು ಷರಾ ಹಾಕಿ ಕಳುಹಿಸುತ್ತವೆ.

ಹಾಗಾದರೆ ಹಸಿರಿಗೆ ಏನು ಮಾಡುವುದು? ಎಲ್ಲ ಹಸಿರೂ ಒಂದೇ ಅಲ್ಲ. ಗಟ್ಟಿಯಾಗಿ, ನುಣುಪಾಗಿ ಮೈಗೆ ಅಂಟಿಕೊಂಡ ಕಡು ಹಸಿರು ತಂಟೆ ಮಾಡುವುದಿಲ್ಲ, ಬಿಟ್ಟುಬಿಡಿ. ತಿಳಿ ಹಸಿರು ಪುಡಿ ಇದ್ದು, ಹಲ್ಲುಕಡ್ಡಿ ತಾಗಿಸಿದರೆ ಉದುರಿ, ಕೆಳಗೆ ಗುಳಿ ಕಂಡರೆ ಅದು ರೋಗ. ತಾಮ್ರದೊಳಗೆ ಸೇರಿದ ಕ್ಲೋರೈಡ್ ತೇವ ಹೀರಿ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಇದು ಮನೆಮದ್ದಿಗೆ ಬಗ್ಗುವುದಿಲ್ಲ. ಕಾಸನ್ನು ಬೇರೆಯಾಗಿಟ್ಟು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಒಣಗಿದ ಡಬ್ಬಿಯಲ್ಲಿ ಮುಚ್ಚಿ, ವಸ್ತುಸಂರಕ್ಷಣೆ ಬಲ್ಲವರಿಗೆ ತೋರಿಸಿ. ಮೂರನೆಯದು ಜಿಗುಟಾದ ಹಸಿರು. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಹುಕಾಲ ಇಟ್ಟಿದ್ದರಿಂದ ಬಂದದ್ದು. ಶುದ್ಧ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಇದು ಬಿಡುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಬಳಸಬೇಡಿ, ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುವುದರಿಂದ ಒಲೆಯ ಹತ್ತಿರ ಬೇಡ, ಕಿಟಕಿ ತೆರೆದಿರಲಿ.

ಬರೀ ಮಣ್ಣು ಇದ್ದರೆ ಡಿಸ್ಟಿಲ್ಡ್ ವಾಟರ್ ಸಾಕು. ಗಾಜಿನ ಬಟ್ಟಲಲ್ಲಿ ಕಾಸು ಮುಳುಗಿಸಿಟ್ಟು ದಿನಕ್ಕೊಮ್ಮೆ ನೀರು ಬದಲಿಸಿ. ಅಕ್ಷರಗಳ ಸಂದಿಯ ಮಣ್ಣು ನೆನೆದ ಮೇಲೆ ಗುಲಾಬಿ ಮುಳ್ಳಿನ ತುದಿಯಿಂದ ಮೆಲ್ಲಗೆ ಎಬ್ಬಿಸಬಹುದು. ತಾಮ್ರದ ಸಂಗ್ರಾಹಕರು ನಿಜವಾಗಿಯೂ ಇದನ್ನೇ ಬಳಸುತ್ತಾರೆ, ಏಕೆಂದರೆ ಮುಳ್ಳು ಲೋಹಕ್ಕಿಂತ ಮೆದು. ಸೂಜಿ ಮುಟ್ಟಬೇಡಿ. ಕೊನೆಗೆ ಒತ್ತಿ ಒಣಗಿಸಿ, ಒರೆಸಬೇಡಿ. ನಿಮ್ಮದು ನಿಜಕ್ಕೂ ಅಪರೂಪದ ಟಂಕಸಾಲೆಯ ಕಾಸು ಎಂದು ತಿಳಿದರೆ ಇಷ್ಟನ್ನೂ ಮಾಡದೆ ಮಣ್ಣಿನೊಂದಿಗೇ ತೋರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮಣ್ಣನ್ನು ನಾಳೆಯೂ ತೆಗೆಯಬಹುದು, ಹೋದ ಪದರವನ್ನು ಮರಳಿ ತರಲಾಗದು.

ಮಾರುವಾಗ ಎರಡು ಮುಖಗಳ ಚಿತ್ರ, ತೂಕ, ಅಡ್ಡಳತೆ ಬರೆದಿಟ್ಟುಕೊಂಡು ಒಬ್ಬರಿಗಿಂತ ಹೆಚ್ಚು ವ್ಯಾಪಾರಿಗಳ ಬಳಿ ವಿಚಾರಿಸಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ, ಅಂಥ ವಸ್ತುಗಳ ವ್ಯಾಪಾರ ನಡೆಸುವವರಿಗೆ ಪರವಾನಗಿ ಇರಬೇಕು. ಅದನ್ನು ಕೇಳಿ ನೋಡಲು ಸಂಕೋಚ ಬೇಡ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಬರುವ ಕರೆಗಳು ಮೋಸದವು ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಕಮಿಷನ್, ತೆರಿಗೆ, ಶುಲ್ಕ ಎಂದು ಮುಂಗಡ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.