ಮೇರೆ ದಾಟಲಿರುವ ತರುಣ ವೈಮಾನಿಕನಿಗೆ



ಅಮೆರಿಕದಲ್ಲಿ ನೆಲೆಸಿ, ಉದ್ಯೋಗದ ನಡುವೆಯೇ ಬಿಡುವು ಮಾಡಿಕೊಂಡು ರಿಕ್ರಿಯೇಷನಲ್ ಪೈಲಟ್ ಸರ್ಟಿಫಿಕೇಟನ್ನು ಸಂಪಾದಿಸಿರುವ ನೀನು, ಈಗ ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಮುಂದುವರಿಯುವುದು ಉಚಿತವೇ, ಇದ್ದುದರಲ್ಲಿಯೇ ತೃಪ್ತನಾಗಿರುವುದು ಲೇಸೇ ಎಂದು ಕೇಳಿದ್ದೀಯೆ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುವ ತರುಣ ತರುಣಿಯರು ಇನ್ನೂ ಇರಬಹುದಾದ್ದರಿಂದ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಮುಂದುವರಿ ಎಂಬುದೇ ನನ್ನ ಮಾತು. ಆದರೆ ಯಾವ ಮನೋಧರ್ಮದಿಂದ ಮುಂದುವರಿಯಬೇಕೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ನಿನ್ನ ಈಗಿನ ಸರ್ಟಿಫಿಕೇಟು ಎಷ್ಟು ನಿಷೇಧಗಳಿಂದ ಆವೃತವಾಗಿದೆಯೆಂಬುದನ್ನು ನೀನೇ ಬಲ್ಲೆ. ಜೊತೆಗೆ ಒಬ್ಬನೇ ಪ್ರಯಾಣಿಕ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹಾರಾಟವಿಲ್ಲ. ಮೂರು ಮೈಲಿಯಾದರೂ ಕಣ್ಣಿಗೆ ಕಾಣದಿದ್ದರೆ ಹೊರಡುವಂತಿಲ್ಲ. ಕೆಳಗಿನ ನೆಲ ಮರೆಯಾಗುವಂತೆ ಮೋಡದ ಮೇಲೆ ಸಾಗುವಂತಿಲ್ಲ. ಶಿಕ್ಷಕರು ಹೆಚ್ಚಿನ ತರಬೇತಿ ಕೊಟ್ಟು ಲಾಗ್‌ಬುಕ್ಕಿನಲ್ಲಿ ಬರೆದುಕೊಟ್ಟ ಹೊರತು, ಹೊರಟ ನಿಲ್ದಾಣದಿಂದ 50 ನಾಟಿಕಲ್ ಮೈಲಿಗಳಾಚೆಗಾಗಲಿ, ಕಂಟ್ರೋಲ್ ಟವರ್ ಇರುವ ನಿಲ್ದಾಣಕ್ಕಾಗಲಿ ಹೋಗುವಂತಿಲ್ಲ. ಮೈಸೂರಿನಿಂದ ಬರಲಿರುವ ತಂದೆತಾಯಿಗಳಿಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಹಾರುವ ನಿನ್ನ ಆಸೆಗೆ ಈ ಮೊದಲನೆಯ ನಿಯಮವೇ ಅಡ್ಡವಾಗಿ ನಿಂತಿದೆಯೆಂದು ನೊಂದುಕೊಂಡಿದ್ದೀಯೆ. ನೋವು ಸಹಜವಾದದ್ದೇ. ಆದರೆ ಇಷ್ಟು ದಿನವೂ ಈ ನಿಷೇಧಗಳು ನಿನ್ನನ್ನು ಕಟ್ಟಿಹಾಕಿದಂತೆಯೇ ಕಾಪಾಡಿಯೂ ಇವೆ. ಮಬ್ಬು ಕವಿದ ಸಂಜೆ ಹೊರಡಬೇಕೇ ಬೇಡವೇ ಎಂದು ನೀನು ವಿಚಾರ ಮಾಡುವ ಮೊದಲೇ ಶಾಸನವು ಬೇಡವೆಂದು ಹೇಳಿಬಿಡುತ್ತಿತ್ತು. ಪ್ರೈವೇಟ್ ಲೈಸೆನ್ಸು ಕೈಸೇರಿದ ದಿನದಿಂದ ಆ ಬೇಡವೆಂಬ ಮಾತನ್ನು ನೀನೇ ನಿನಗೆ ಹೇಳಿಕೊಳ್ಳಬೇಕಾಗುತ್ತದೆ. ಕೆಲವು ಬಗೆಯ ವಾಯುಪ್ರದೇಶದಲ್ಲಿ, ಹಗಲು ಹೊತ್ತಿನಲ್ಲಿ, ಒಂದೇ ಮೈಲಿ ದೂರ ಕಂಡರೂ ಹಾರಬಹುದೆಂದು ಶಾಸನವು ನಿನಗೆ ಅನುಮತಿ ಕೊಡುತ್ತದೆ. ಹಾರುವುದು ವಿವೇಕವೆಂದು ಅದು ಎಲ್ಲಿಯೂ ಹೇಳಿಲ್ಲ.

ಆದುದರಿಂದ, ರಿಕ್ರಿಯೇಷನಲ್ ಸರ್ಟಿಫಿಕೇಟಿಗೆ 30 ಗಂಟೆ, ಪ್ರೈವೇಟ್ ಲೈಸೆನ್ಸಿಗೆ 40 ಗಂಟೆ, ಹಿಂದಿನ ಹಾರಾಟವೆಲ್ಲ ಲೆಕ್ಕಕ್ಕೆ ಸೇರುವುದರಿಂದ ಉಳಿದದ್ದು ಹತ್ತೇ ಗಂಟೆಯೆಂದು ಎಣಿಸುತ್ತ ಕೂರಬೇಡ. ಅವು ಕನಿಷ್ಠದ ಲೆಕ್ಕಗಳು. ಬಹುಮಂದಿಗೆ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಆ ಗಂಟೆಗಳಲ್ಲಿ ಏನೇನು ಮಾಡಬೇಕೆಂಬುದನ್ನು ನೋಡು: ಶಿಕ್ಷಕರೊಡನೆ ಮೂರು ಗಂಟೆಗಳ ರಾತ್ರಿ ಹಾರಾಟ, ಅದರೊಳಗೆ ಹತ್ತು ಬಾರಿ ಏರಿ ಇಳಿಯುವುದು, ನೂರು ನಾಟಿಕಲ್ ಮೈಲಿಗೂ ಮೀರಿದ ಒಂದು ರಾತ್ರಿಪಯಣ. ಒಬ್ಬಂಟಿಯಾಗಿ, ಮೂರು ಕಡೆ ಇಳಿದು ನಿಂತು, 150 ನಾಟಿಕಲ್ ಮೈಲಿಗಳನ್ನು ಪೂರೈಸುವ ಒಂದು ಯಾತ್ರೆ. ಇವುಗಳಲ್ಲಿ ಪ್ರತಿಯೊಂದೂ ನಿನ್ನ ಈಗಿನ ಒಂದೊಂದು ನಿಷೇಧದ ಸ್ಥಾನದಲ್ಲಿ ಒಂದೊಂದು ಸಾಮರ್ಥ್ಯವನ್ನು ನೆಲೆಗೊಳಿಸುವುದಕ್ಕಾಗಿಯೇ ಏರ್ಪಟ್ಟಿದೆ.

ಇವೆಲ್ಲಕ್ಕಿಂತಲೂ ಶ್ರದ್ಧೆಯಿಂದ ಕಲಿಯತಕ್ಕದ್ದು, ಹೊರಗಿನ ದೃಶ್ಯವನ್ನು ಮರೆಮಾಡಿ, ಉಪಕರಣಗಳನ್ನು ಮಾತ್ರ ನಂಬಿ ಹಾರುವ ಮೂರು ಗಂಟೆಗಳ ಪಾಠ. ಇಲಿನಾಯ್ ವಿಶ್ವವಿದ್ಯಾಲಯದವರು ನಡೆಸಿ 1954ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಅಂತಹ ಅಭ್ಯಾಸವಿಲ್ಲದ ಇಪ್ಪತ್ತು ಮಂದಿ ಪೈಲಟರನ್ನು ಮೋಡದೊಳಗೆ ಹೊಕ್ಕಂತಹ ಕೃತಕ ಸ್ಥಿತಿಗೆ ಒಡ್ಡಿದಾಗ, ಅವರಲ್ಲಿ ಒಬ್ಬರಿಗೂ ವಿಮಾನವನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಹತೋಟಿ ತಪ್ಪುವುದಕ್ಕೆ ಹಿಡಿದ ಕಾಲ ಸರಾಸರಿ 178 ಸೆಕೆಂಡು. ಕ್ಷಿತಿಜವು ಕಾಣದಾದಾಗ ನಮ್ಮ ಒಳಗಿವಿಯು ನಿಧಾನವಾದ ತಿರುವನ್ನು ನೇರ ಹಾದಿಯೆಂದೇ ಗ್ರಹಿಸುತ್ತದೆ. ತಿರುವನ್ನು ಸರಿಪಡಿಸಿದೊಡನೆ ವಿಮಾನವು ಎದುರು ದಿಕ್ಕಿಗೆ ವಾಲಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಆದರೆ ಅದೇ ಪೈಲಟರು ಅಲ್ಪಕಾಲದ ಶಿಕ್ಷಣದ ಬಳಿಕ ಉಪಕರಣಗಳ ಆಧಾರದಿಂದಲೇ ವಿಮಾನವನ್ನು ಬಂದ ದಾರಿಗೆ ತಿರುಗಿಸಬಲ್ಲವರಾದರು. ನಿನ್ನ ಮೂರು ಗಂಟೆಗಳ ಉದ್ದೇಶವೂ ಇದೇ, ಸುರಕ್ಷಿತವಾಗಿ ಹಿಂದಿರುಗಿ ಬರುವುದು. ಮೋಡದೊಳಗೆ ಮುಂದೆ ಸಾಗುವುದಕ್ಕೆ ಬೇರೆ ಅರ್ಹತೆಯೇ ಬೇಕು.

1999ರ ಜುಲೈ 16ರ ರಾತ್ರಿ, ಅಧ್ಯಕ್ಷ ಕೆನೆಡಿಯವರ ಪುತ್ರರು ಪತ್ನಿಯನ್ನೂ ಆಕೆಯ ಸಹೋದರಿಯನ್ನೂ ಕೂರಿಸಿಕೊಂಡು, ಬಂಧುವೊಬ್ಬರ ವಿವಾಹಕ್ಕೆಂದು ಹೊರಟು, ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು ಮೂವರೂ ಮಡಿದರು. ವಿಮಾನವನ್ನು ನಡೆಸುತ್ತಿದ್ದ ಆ ಪುತ್ರರ ಬಳಿ ಪ್ರೈವೇಟ್ ಲೈಸೆನ್ಸು ಇತ್ತು, ಉಪಕರಣ ಹಾರಾಟದ ಅರ್ಹತೆ ಇರಲಿಲ್ಲ. ಮಬ್ಬು ಕವಿದ ಕತ್ತಲಲ್ಲಿ, ನೀರಿನ ಮೇಲೆ, ದಿಗ್ಭ್ರಾಂತಿಯಿಂದ ವಿಮಾನದ ಹತೋಟಿ ತಪ್ಪಿತೆಂದು ತನಿಖೆಯು ನಿರ್ಣಯಿಸಿತು. ಆ ರಾತ್ರಿ ಅವರು ಹೊರಡಬಾರದೆಂದು ಶಾಸನವು ತಡೆದಿರಲಿಲ್ಲವೆಂಬುದನ್ನು ನೆನೆದಾಗಲೆಲ್ಲ, ಶಾಸನದ ಅನುಮತಿಗೂ ಕ್ಷೇಮಕ್ಕೂ ನಡುವೆ ಇರುವ ಅಂತರವು ನನ್ನ ಮನಸ್ಸಿಗೆ ಸ್ಪಷ್ಟವಾಗುತ್ತದೆ.

ಈ ಕಾರಣದಿಂದಲೇ, ತಂದೆತಾಯಿಗಳು ಬರುವ ದಿನವನ್ನು ನೋಡಿಕೊಂಡು ನಿನ್ನ ಪರೀಕ್ಷೆಯ ದಿನವನ್ನು ಗೊತ್ತುಮಾಡಬೇಡ. ಹಿಂದಿನ 90 ದಿನಗಳಲ್ಲಿ ಮೂರು ಬಾರಿ ಏರಿ ಇಳಿದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಳ್ಳಬಹುದೆಂದು ನಿಯಮವಿದೆ. ನೀನು ನಿನಗಾಗಿ ಅದಕ್ಕಿಂತ ಕಠಿನವಾದ ನಿಯಮವನ್ನು ಮಾಡಿಕೊ. ಎಷ್ಟು ದೂರ ಕಾಣದಿದ್ದರೆ ಹೊರಡುವುದಿಲ್ಲ, ಎಂತಹ ಅಡ್ಡಗಾಳಿಯಿದ್ದರೆ ಇಳಿಯಲು ಯತ್ನಿಸುವುದಿಲ್ಲ, ಯಾವ ರಾತ್ರಿ ನೀರಿನ ಮೇಲೆ ಸಾಗುವುದಿಲ್ಲ ಎಂಬುದನ್ನು, ಯಾರೂ ನಿನಗಾಗಿ ಕಾಯುತ್ತಿಲ್ಲದ ಒಂದು ದಿನ, ಶಾಂತಚಿತ್ತದಿಂದ ಬರೆದಿಟ್ಟುಕೊ. ಮನೆಯವರು ಸಿದ್ಧರಾಗಿ ನಿಂತಿರುವ ಹೊತ್ತಿನಲ್ಲಿ ಆ ಬರಹದ ಒಂದಕ್ಷರವನ್ನೂ ಸಡಿಲಿಸಬೇಡ. ಅನುಭವವು ಬಲಿತಂತೆ, ಶಿಕ್ಷಕರೊಡನೆ ವಿಚಾರಮಾಡಿ, ಆ ಮೇರೆಗಳನ್ನು ಒಂದೊಂದಾಗಿ ವಿಸ್ತರಿಸಿಕೊಳ್ಳುತ್ತ ಹೋಗು. ಹಾಗೆ ನಡೆದುಕೊಳ್ಳುವ ಸಂಕಲ್ಪ ನಿನ್ನಲ್ಲಿದ್ದರೆ, ಈ ವಾರವೇ ಹೋಗಿ ಶಿಕ್ಷಕರನ್ನು ಕಂಡು ಮೊದಲನೆಯ ಪಾಠಕ್ಕೆ ದಿನ ಗೊತ್ತುಮಾಡಿಕೊ.

ಇಂತು ನಿನ್ನ ಶ್ರೇಯೋಭಿಲಾಷಿಯಾದ ಹಿರಿಯ