ಪೊರೆ ತೆಗೆಸಿಕೊಂಡ ಕಣ್ಣು

ಬೊಮ್ಮಸಂದ್ರದ ಸುತ್ತಲಿನ ನಮ್ಮ ಹಿರಿಯರಲ್ಲಿ ಅನೇಕರು ಕಣ್ಣಿನ ಪೊರೆ ತೆಗೆಸಿಕೊಳ್ಳುತ್ತಾರೆ. ಮನೆಯಲ್ಲಿ ಯಾರಿಗಾದರೂ ಕೆಂಗಣ್ಣು ಬಂದಿದ್ದರೆ ಇವರು ಅವರ ವಸ್ತ್ರವನ್ನು ಮುಟ್ಟಬಾರದು. ಅದು ಬಹುಮಟ್ಟಿಗೆ ವೈರಾಣುವಿನಿಂದ ಹುಟ್ಟಿ ಕೈಯಿಂದ ಹರಡುವದು. ಆದರೆ ಶಸ್ತ್ರಚಿಕಿತ್ಸೆಯಾದ ಕಣ್ಣು ಕೆಂಪೇರಿ, ನೊಂದು, ದೃಷ್ಟಿ ಮಬ್ಬಾದರೆ ಕೆಂಗಣ್ಣೆಂದು ಸುಮ್ಮನಿರಬೇಡಿರಿ. 2019ನೆಯ ಜುಲೈ 9ರಂದು ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡವರಲ್ಲಿ ಹಲವರ ಕಣ್ಣಿನೊಳಗೆ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ ಸೇರಿತು. ಕೆಲವರು ದೃಷ್ಟಿಯನ್ನೇ ಕಳಕೊಂಡರು. ಇಂಥ ಸೋಂಕಿಗೆ ಕಣ್ಣಿನೊಳಕ್ಕೇ ಮದ್ದನ್ನು ಚುಚ್ಚಬೇಕಾಗುವದು; ಒಂದು ರಾತ್ರಿಯ ತಡವೂ ಕೇಡೇ. ಕರ್ತನು ಕುರುಡನ ಕಣ್ಣಿಗೆ ಕೆಸರು ಹಚ್ಚಲಿಲ್ಲವೇ ಎಂದು ವಾದಿಸಿ ಸೊಪ್ಪಿನ ರಸ ಹಿಂಡುವವರುಂಟು. ಗುಣವಾದದ್ದು ಕೆಸರಿನಿಂದಲೋ, ಆತನ ಕೈಯಿಂದಲೋ? ಅದೇ ದಿನ ಶಸ್ತ್ರವೈದ್ಯರ ಬಳಿಗೆ ಹೋಗಿರಿ. ಹನಿಮದ್ದಿನ ಸೀಸೆಯನ್ನೂ ಸಂಗಡ ಒಯ್ಯಿರಿ.